ಕೇಳುವ ಕೆಲಸ

ಸೋಮವಾರ ಬೆಳಿಗ್ಗೆ ಕಾಶೀಬಾಯಿ ನಿಡೋಣಿಯ ರೇಣುಕವ್ವನನ್ನು ಗಂಜಿಯ ಸಾಲಿನಿಂದ ಹೊರಗೆ ಹಾಕಿದಳು. ಮುಟ್ಟಾಗಿದ್ದೀಯೇನು ಎಂದು ಕೇಳಿದ್ದಳು. ರೇಣುಕವ್ವ ಹೌದು ಎಂದಿದ್ದಳು. ಸೋಮವಾರ, ಮಂಗಳವಾರ, ಬುಧವಾರ ರೇಣುಕವ್ವನಿಗೆ ಗಂಜಿ ಇಲ್ಲ.

ಬುಧವಾರದ ಸಾಲು ಮುಗಿಯುತ್ತ ಬಂದಿತ್ತು. ಕಾಶೀಬಾಯಿ ದಾರಿಹೋಕರ ಹಳೆಯ ತಂಗುಮನೆಯಾದ ಸರಾಯಿಯ ಗೋಡೆಗೆ ಬೆನ್ನು ಹಚ್ಚಿ ನಿಂತು, ಎದುರಿಗೆ ಬಂದ ಒಬ್ಬೊಬ್ಬಳನ್ನೂ ಅದೇ ಮಾತು ಕೇಳುತ್ತಿದ್ದಳು. ಇಷ್ಟು ದಿನ ಅವಳು ಸಾಲಿನ ಉದ್ದಕ್ಕೂ ನಡೆದಾಡಿ ಕೇಳಿದವಳು. ಮಂಗಳವಾರ ಮುಂಜಾನೆಯಿಂದ ಅವಳಿಗೆ ಗೋಡೆ ಬೇಕಾಗಿತ್ತು. ಹಂಡೆಯ ಒಂದು ಕಿವಿ ಹಿಡಿದು ಎತ್ತುವಾಗ ಕಿಬ್ಬೊಟ್ಟೆಯಲ್ಲಿ ಏನೋ ಕಳಚಿದಂತಾಗಿ, ತೊಡೆಯ ಒಳಮೈಯಲ್ಲಿ ಬೆಚ್ಚಗೆ ಇಳಿದಿತ್ತು. ಒಂದು ಕ್ಷಣ ಗಂಜಿಯೇ ತುಳುಕಿ ಕಾಲಮೇಲೆ ಬಿತ್ತೆಂದು ತಿಳಿದಿದ್ದಳು. ನಲವತ್ತಾರು ವಯಸ್ಸು. ಎಂಟು ತಿಂಗಳಿಂದ ನಿಂತೇ ಹೋಗಿತ್ತು. ನಿಂತಿತಲ್ಲ ಎಂದು ಅವಳು ಒಳಗೊಳಗೇ ಹಗುರಾಗಿದ್ದಳು, ಇನ್ನು ತಾನು ಯಾರಿಗೂ ದೂರ ಕೂಡಬೇಕಿಲ್ಲ, ಬೋಳುತಲೆಯ ಮುದುಕಿ, ದೇವರ ಸನಿಹದವಳು ಎಂದು. ಈಗ ಉಟ್ಟ ಕೆಂಪು ಸೀರೆಯ ಸೆರಗಿನಿಂದಲೇ ಒಂದು ಗೇಣು ಹರಿದು ಮಡಚಿಟ್ಟುಕೊಂಡಿದ್ದಳು. ಸೆರಗು ಗಿಡ್ಡವಾಗಿ ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಎಡಗೈಯಿಂದ ಅದನ್ನು ಹಿಡಿದೆಳೆಯುತ್ತ, ಬೆನ್ನನ್ನು ಗೋಡೆಗೆ ಒತ್ತಿ, "ಹೊರಗಾಗೀಯೇನವಾ?" ಎಂದು ಕೇಳುತ್ತಿದ್ದಳು. "ಇಲ್ರಿ." ಮುಂದಿನವಳು. "ಹೊರಗಾಗೀಯೇನು?" "ಇಲ್ರಿ ಬಾಯಾರ." ಸಾಲಿನಲ್ಲಿದ್ದ ಇಟ್ಟಂಗಿಹಾಳದ ಮುದುಕಿ ಸಕ್ರವ್ವ ದಿನಾಲೂ ಒಂದೇ ಚೇಷ್ಟೆ ಮಾಡುವವಳು, ಇವತ್ತೂ ಬಿಡಲಿಲ್ಲ: "ನನ್ನ ಕೇಳಬ್ಯಾಡ್ರಿ ಬೇ, ಆಸಿ ಆಗತೈತಿ." ಹೆಂಗಸರು ನಕ್ಕರು. ಕಾಶೀಬಾಯಿಯೂ ನಗಬೇಕಾಗಿತ್ತು. ಬಾಯಿ ಒಣಗಿತ್ತು.

ಗಂಜಿಯ ಕೇಂದ್ರಕ್ಕೆ ಪೇಟೆಯ ವ್ಯಾಪಾರಸ್ಥರ ಪಂಚಕಮಿಟಿ ಇತ್ತು. ಮಳೆ ಮತ್ತೆ ಕೈಕೊಟ್ಟು, ಲಡಾಯಿ ಮುಗಿದರೂ ಜೋಳ ಪೇಟೆಗೆ ಬಾರದೆ, ಬಬಲೇಶ್ವರದ ಕಡೆಯಿಂದ, ಟಿಕೋಟಾದ ಕಡೆಯಿಂದ ಹೆಂಗಸರು ನಡೆದು ಬಂದು ವಿಜಾಪುರದ ಹಾಳು ಕಮಾನುಗಳ ಕೆಳಗೆ ಮಲಗತೊಡಗಿದಾಗ ಕಮಿಟಿಯವರು ಕರುಣೆಯಿಂದ ಸರಾಯಿಯ ಅಂಗಳದಲ್ಲಿ ಒಲೆ ಹೂಡಿಸಿದರು. ಮಡಿವಂತ ಅಡಿಗೆಯವನನ್ನು ಇಟ್ಟರು, ಯಾವ ಜಾತಿಯವರೂ ಉಣ್ಣಲಿ ಎಂದು. ಬಾಗಿಲಿಗೆ ಒಂದು ಹಲಗೆ ಹೊಡೆಸಿದರು. ಮುಟ್ಟಾದ ಹೆಂಗಸರು ಮೂರು ದಿನ ಅಂಗಳದೊಳಗೆ ಬರತಕ್ಕದ್ದಲ್ಲ, ಬಾವಡಿಯ ನೀರು ಮುಟ್ಟತಕ್ಕದ್ದಲ್ಲ, ಅವರ ಪಾಲಿನ ಗಂಜಿಯನ್ನು ಹೊರಗೆ ಕಳಿಸಿಕೊಡಲಾಗುವುದು. ಕಳಿಸುವವರು ಯಾರು ಎಂದು ಹಲಗೆಯಲ್ಲಿರಲಿಲ್ಲ. ಅಡಿಗೆಯವನು ಒಯ್ಯುವುದಿಲ್ಲ, ಅವನಿಗೆ ಮಡಿ. ಕಟ್ಟಿಗೆ ಒಡೆಯುವವನು ಒಯ್ಯುವುದಿಲ್ಲ, ಅವನು ಗಂಡಸು. ಹೀಗಾಗಿ ಗಂಜಿ ಹೊರಗೆ ಹೋಗುತ್ತಿರಲಿಲ್ಲ, ಹಲಗೆ ಮಾತ್ರ ಇತ್ತು, ಪ್ರತಿ ಶನಿವಾರ ಅದನ್ನು ಒರೆಸುವುದೂ ಕಾಶೀಬಾಯಿಯ ಕೆಲಸವೇ. ಕೇಳುವುದು, ಒರೆಸುವುದು, ಹಂಡೆ ತೊಳೆಸುವುದು. ಇದಕ್ಕೆ ಅವಳಿಗೆ ಎರಡು ಹೊತ್ತು ಊಟ ಮತ್ತು ಕಟ್ಟಿಗೆ ಒಟ್ಟುವ ಕೋಣೆಯಲ್ಲಿ ಒಂದು ಮೂಲೆ. ಆ ಮೂಲೆ ಸಿಕ್ಕ ದಿನ ಅವಳು ಕದ ಮುಂದೆ ಮಾಡಿ, ಅಗಳಿ ಹಾಕಿ, ಒಳಗೆ ಸುಮ್ಮನೆ ಕೂತು, ಅಗಳಿಯನ್ನೇ ನೋಡಿದ್ದಳು.

ಭಾನುವಾರ ಪ್ರಲ್ಹಾದರಾಯರು ಕುರ್ಚಿ ಹಾಕಿಸಿಕೊಂಡು ಕೂತು ಹಾಜರಿಯ ವಹಿ ತಿರುವಿದ್ದರು. ಕಮಿಟಿಯ ಪರವಾಗಿ ಕೇಂದ್ರ ನೋಡಿಕೊಳ್ಳುವವರು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು. ಅವಳ ಮೈದುನನ ಗೆಳೆಯರಾದ್ದರಿಂದ ಅವಳನ್ನು ಅತ್ತಿಗೆಯ ಲೆಕ್ಕದಲ್ಲಿ ವೈನಿ ಎನ್ನುತ್ತಿದ್ದರು. ಆ ಪರಿಚಯದ ಮೇಲೆಯೇ ಮೂಲೆ ಸಿಕ್ಕಿದ್ದು. "ಅರವತ್ತು ಮಂದಿ ಹೆಣಮಕ್ಕಳು, ವೈನೀ. ತಿಂಗಳಿಗೆ ಮೂರು ದಿನಾ ಹಿಡದ್ರೂ ದಿನಾ ಆರು ಮಂದಿ ಹೊರಗ ಇರಬೇಕು. ನೀವು ಹದಿನೈದು ದಿನದಾಗ ಒಬ್ಬಾಕಿನ್ನೂ ತೋರಿಸಿಲ್ಲ. ಇದ್ಯಾವ ಗಣಿತ?" ದನಿ ಏರಿಸಲಿಲ್ಲ, ಅವರು ಎಂದೂ ದನಿ ಏರಿಸುವವರಲ್ಲ. "ನಿಮಗ ಸಂಕೋಚ ಆಗ್ತಿದ್ರ ಹೇಳ್ರಿ, ಬ್ಯಾರೆ ಯಾರನರೆ ನೋಡತೀವಿ." ಕಾಶೀಬಾಯಿ ತಲೆ ತಗ್ಗಿಸಿ ಅವರ ಜೋಡಿನ ತುದಿ ನೋಡುತ್ತಿದ್ದಳು. ಹಸಿವಿಗೆ ಆ ಗಣಿತ ಹತ್ತುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾಲ್ಕು ತಿಂಗಳು ಬೇರು, ಸೊಪ್ಪು, ಹುಣಸೆಬೀಜ ತಿಂದ ಹೊಟ್ಟೆಯಲ್ಲಿ ಅದು ನಿಂತುಬಿಡುತ್ತದೆ. ಮೈ ತನ್ನಲ್ಲಿದ್ದುದನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಜಿ ಬೀಳತೊಡಗಿ ಹತ್ತು ಹದಿನೈದು ದಿನವಾದರೆ ಒಬ್ಬೊಬ್ಬಳಿಗೇ ಮತ್ತೆ ಶುರುವಾಗುತ್ತದೆ. ಶುರುವಾದವಳಿಗೆ ಗಂಜಿ ನಿಲ್ಲುತ್ತದೆ. ಇದನ್ನು ರಾಯರಿಗೆ ಹೇಗೆ ಹೇಳುವುದು, ಯಾವ ಶಬ್ದದಿಂದ ಶುರು ಮಾಡುವುದು? "ನಾಳೆ ನೋಡ್ತೀನ್ರಿ," ಎಂದಿದ್ದಳು. ನಾಳೆ ಎಂದರೆ ಸೋಮವಾರ. ಸೋಮವಾರ ಅವಳಿಗೆ ಒಬ್ಬಳು ಬೇಕಾಗಿದ್ದಳು. ಅಷ್ಟೇ ಸತ್ಯ. ಬೇರೆ ಏನು ಹೇಳಿಕೊಂಡರೂ ಅದರ ಕೆಳಗೆ ಇದು ಕೂತಿರುತ್ತಿತ್ತು: ಒಬ್ಬಳು ಬೇಕಾಗಿದ್ದಳು, ಹೊಸದಾಗಿ ಸಾಲಿಗೆ ಬಂದಿದ್ದ ನಿಡೋಣಿಯವಳು, ಹಣೆಯ ತುಂಬ ವಿಭೂತಿಯವಳು, ಕೇಳಿದ ಕೂಡಲೇ ಮುಖ ಅರಳಿಸಿ "ಹೂನ್ರಿ" ಎಂದಳು.

ಆ ಅರಳಿದ ಮುಖ ಕಾಶೀಬಾಯಿಗೆ ಎರಡು ದಿನದಿಂದ ಅರ್ಥವಾಗಿರಲಿಲ್ಲ. ಯಾರು ಅದಕ್ಕೆ ಹಾಗೆ ಹೌದೆನ್ನುತ್ತಾರೆ? ಟಿಕೋಟಾದ ಮನೆಯಲ್ಲಿ ಅತ್ತೆ ಕಣ್ಣಿನಿಂದಲೇ ಕೇಳುತ್ತಿದ್ದಳು, ಇವಳು ಕಣ್ಣಿನಿಂದಲೇ ಹೇಳಿ ಹಿತ್ತಲ ಕೋಣೆಗೆ ನಡೆಯುತ್ತಿದ್ದಳು. ದನದ ಕೊಟ್ಟಿಗೆಗೆ ಅಂಟಿದ ಕೋಣೆ, ಒಂದು ಗವಾಕ್ಷಿ, ಮೂಲೆಯಲ್ಲಿ ತಾಮ್ರದ ತಂಬಿಗೆ, ಗೂಡಿನಲ್ಲಿ ಹಳೆಯ ಸೀರೆಯ ತುಂಡುಗಳ ಗಂಟು. ಅತ್ತೆ ಅನ್ನವನ್ನು ಮೇಲಿನಿಂದ ಹಾಕುತ್ತಿದ್ದಳು, ಎಲೆಯಲ್ಲಿ ಅದು ಧಪ್ಪನೆ ಬೀಳುತ್ತಿತ್ತು, ಸಾರು ಬೀಳುವಾಗ ಕಾಲಿಗೆ ಸಿಡಿಯುತ್ತಿತ್ತು. ಹದಿನಾಲ್ಕರ ಹುಡುಗಿ ಗೋಡೆಗೆ ಮುಖ ಮಾಡಿ ಅತ್ತಿದ್ದಳು. ತುಂಡುಗಳನ್ನು ಒಗೆದು ಬಿಸಿಲಿಗೆ ಹಾಕುವಂತಿಲ್ಲ, ಗಂಡಸರ ಕಣ್ಣಿಗೆ ಬೀಳಬಾರದು. ಹರಕು ಕೌದಿಯ ಕೆಳಗೆ ಹರವಬೇಕು, ಅವು ಒಣಗದೆ ಹಾಗೆಯೇ ಮುಗ್ಗುಲು ನಾರುತ್ತಿದ್ದವು. ಆ ಕೋಣೆಯನ್ನು ಅವಳು ಮೂವತ್ತು ವರ್ಷ ಶಪಿಸಿದ್ದಳು. ಈಗ ಗೋಡೆಗೆ ಒತ್ತಿಕೊಂಡು ನಿಂತಾಗ ನಾಲ್ಕು ಗೋಡೆ, ಒಂದು ತಂಬಿಗೆ ನೀರು, ಒಂದು ಗಂಟು ಅರಿವೆ ಎಂದು ಆಸೆಬುರುಕಿಯ ಹಾಗೆ ಎಣಿಸುತ್ತಿದ್ದುದು ತನ್ನ ಗಮನಕ್ಕೇ ಬಂದು ನಾಚಿದಳು. ಗಂಡ ಸತ್ತ ಮೇಲೆ ಮೈದುನ ಕೆಟ್ಟದಾಗಿ ಏನೂ ಅನ್ನಲಿಲ್ಲ. ನೀವು ಕಾಶಿಗೋ ಪಂಢರಪುರಕ್ಕೋ ಹೋಗಿದ್ದು ಬರ್ರಿ ಎಂದ. ಅವಳು ಮನೆ ಬಿಟ್ಟು ಹೊರಡುವಾಗಲೇ ಹಿತ್ತಲ ಕೋಣೆಯಲ್ಲಿ ಜೋಳದ ಚೀಲ ತುಂಬಿದ್ದವು. ಅರಿವೆಯ ರೇಶನ್ ಕಾರ್ಡಿನಲ್ಲಿ ಮಾತ್ರ ಅವಳ ಹೆಸರು ಇನ್ನೂ ಅದೇ ಮನೆಯಲ್ಲಿತ್ತು. ಅವಳ ಪಾಲಿನ ಅರಿವೆ ತಪ್ಪದೆ ನೆಗೆಣ್ಣಿಯ ಟ್ರಂಕಿಗೆ ಹೋಗುತ್ತಿತ್ತು.

ಸಾಲು ಮುಗಿದ ಮೇಲೆ ಅವಳು ತನ್ನ ಪಾಲಿನ ಗಂಜಿಯನ್ನು ಲೋಟದಲ್ಲಿ ಹಾಕಿಕೊಂಡು, ಸೆರಗು ಮುಚ್ಚಿ, ಹಿಂದಿನ ಗೋಡೆಯ ಬಿರುಕಿನಿಂದ ಹೊರಗೆ ಇಳಿದಳು. ಬಿದ್ದ ಕಮಾನಿನ ಕೆಳಗೆ, ಒಲೆಯ ಬೂದಿ ಸುರಿಯುವಲ್ಲಿ, ರೇಣುಕವ್ವ ಕೂತಿದ್ದಳು. ಸೋಮವಾರ ಕೂತ ಜಾಗ ಅದೇ. ಬೂದಿಯ ಗುಡ್ಡೆಯ ಮೇಲೆ, ಮೊಳಕಾಲು ಮಡಚಿ, ಸೀರೆಯನ್ನು ಸುತ್ತಲೂ ನೆಲಕ್ಕೆ ಒತ್ತಿಕೊಂಡು. ಪಕ್ಕದಲ್ಲಿ ಒಡಕು ಗಡಿಗೆಯಲ್ಲಿ ಅರ್ಧ ನೀರಿತ್ತು. ಚರ್ಮದ ಪಖಾಲಿಯಲ್ಲಿ ನೀರು ಹೊರುವ ಪೀರಸಾಬ ಹೋಗುವಾಗ ಬರುವಾಗ ಏನೂ ಕೇಳದೆ ಅದರಲ್ಲಿ ಸುರಿದು ಹೋಗುತ್ತಿದ್ದ.

"ಗಂಜಿ ತಂದೀನಿ. ಯಾರೂ ಇಲ್ಲ, ಕುಡದುಬಿಡು."

"ಒಲ್ಲೆರಿ."

"ನನ್ನ ಮ್ಯಾಲ ಸಿಟ್ಟು ಗಂಜೀ ಮ್ಯಾಲ ಯಾಕ? ಮೂರು ದಿನಾ ಆತು."

"ಸಿಟ್ಟ್ಯಾಕ್ರಿ? ಕುಡದ್ರ ಏಳಬೇಕಾಕ್ಕೈತಿ, ಗಿಡದ ಮರಿಗೆ ಹೋಗಬೇಕಾಕ್ಕೈತಿ. ಎದ್ರ ಕಾಣತೈತಿ. ಇದೊಂದಽ ಸೀರಿ ನನಗ." ರೇಣುಕವ್ವ ಹೇಳಿದ ರೀತಿಯಲ್ಲಿ ದೂರು ಇರಲಿಲ್ಲ, ಎಮ್ಮೆ ಯಾಕೆ ಹಿಂಡಲಿಲ್ಲವೆಂದು ಹೇಳುವವಳ ಹಾಗೆ ಹೇಳಿದಳು. "ಹಗಲೆಲ್ಲಾ ಬಂಡಿ ರಸ್ತಾ, ಟಾಂಗಾದವರು. ಕತ್ತಲಾದಮ್ಯಾಲ ಏಳತೇನಿ, ತಗೋರಿ."

"ಸೋಮವಾರ ನೀ ಇಲ್ಲಾ ಅಂದಿದ್ರ ಆಗ್ತಿತ್ತು," ಎಂದಳು ಕಾಶೀಬಾಯಿ. ಬಾಯಿಂದ ಬಿದ್ದ ಮೇಲೆ ಆ ಮಾತು ಅವಳಿಗೇ ಅಸಹ್ಯವಾಯಿತು. ಸುಳ್ಳು ಹೇಳಲಿಲ್ಲವೆಂದು ಬೈಯುತ್ತಿದ್ದೇನೆ. "ಎಲ್ಲಾರೂ ಇಲ್ಲಾ ಅಂತಾರ. ನೀ ಯಾಕ ಹೂಂ ಅಂದಿ?"

ರೇಣುಕವ್ವ ಅವಳನ್ನು ನೋಡಿದಳು. "ನಮ್ಮಾಗ ಅದಕ್ಕ ಮೈಲಿಗಿ ಇಲ್ರಿ ಬಾಯಾರ. ನಾವು ಲಿಂಗಾ ಕಟ್ಟಿದವರು. ನಮ್ಮತ್ತಿ ಅದರಾಗಽ ರೊಟ್ಟಿ ಬಡೀತಿದ್ಲು, ಲಿಂಗಪೂಜಿ ಮಾಡತಿದ್ಲು, ಯಾರಽ ಏನೂ ಕೇಳತಿರಲಿಲ್ಲ. ನೀವು ಕೇಳಿದ್ರಿ." ಮತ್ತೆ ಸೋಮವಾರದ ಹಾಗೆಯೇ ಅವಳ ಮುಖ ಅರಳಿ, ಅರಳಿದ್ದಕ್ಕೆ ತಾನೇ ನಾಚಿ ಮುದುಡಿತು. "ಅರಿವಿ ಕೊಡಾಕ ಕೇಳಾಕತ್ತಾರ ಅಂತ ತಿಳಕೊಂಡ್ನಿ."

ಕಾಶೀಬಾಯಿಯ ಕೈಯಲ್ಲಿ ಲೋಟ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಬೂದಿಯ ಮೇಲಿಟ್ಟರೆ ಉರುಳುತ್ತದೆ. ಹದಿನೆಂಟು ದಿನ ಅವಳು ಅರವತ್ತು ಹೆಂಗಸರನ್ನು ಆ ಮಾತು ಕೇಳಿದ್ದಳು, ದಿನಕ್ಕೆ ಒಂದು ಸಲದಂತೆ. ಆ ಪ್ರಶ್ನೆಯ ಹಿಂದೆ ಕೊಡುವ ಕೈ ಇರಬಹುದೆಂದು ಇಡೀ ವಿಜಾಪುರದಲ್ಲಿ ಒಬ್ಬಳು ನಂಬಿದ್ದಳು, ಅವಳನ್ನು ಹುಡುಕಿ ಹೊರಗೆ ಹಾಕಿದ್ದಾಯಿತು. ಲೋಟವನ್ನು ರೇಣುಕವ್ವನ ಕೈಗೇ ತುರುಕಿದಳು. ಮುಟ್ಟಿದಳು. ಮುಟ್ಟಿದೆನಲ್ಲ ಎಂದು ಕೈ ತಾನಾಗಿಯೇ ಹಿಂದಕ್ಕೆ ಬಂತು, ಮೂವತ್ತು ವರ್ಷದ ರೂಢಿ, ತನಗೇ ಹರಿಯುತ್ತಿರುವಾಗಲೂ ಕೈಗೆ ಬುದ್ಧಿ ಬಂದಿರಲಿಲ್ಲ. "ಇಲ್ಲೇ ಕೂಡು, ಬರ್ತೀನಿ," ಎಂದಳು. ಎಲ್ಲಿಗೆ ಹೋದಾಳು ಅವಳು?

ಪೇಟೆಯ ಕಂಟ್ರೋಲ್ ಅರಿವೆ ಅಂಗಡಿಯ ಮುಂದೆ ಹನ್ನೆರಡು ಗಂಡಸರಿದ್ದರು. ಬೋಳುತಲೆಯ ಹೆಂಗಸನ್ನು ಕಂಡು, ಅಪಶಕುನವೆಂದೋ ಮರ್ಯಾದೆಗೆಂದೋ, ಸರಿದು ದಾರಿ ಬಿಟ್ಟರು. ಎರಡೂ ಒಂದೇ ರೀತಿ ಕಾಣುತ್ತವೆ. ಅಂಗಡಿಯ ಶಿವಯೋಗೆಪ್ಪ ಕಮಿಟಿಯವನೂ ಹೌದು, ಗಂಜಿಗೆ ತಿಂಗಳಿಗೊಂದು ಚೀಲ ಜೋಳ ಕೊಡುವವನು, ಮೃದು ಮಾತಿನವನು. ಅವನ ಹಿಂದೆ ಬಿಳುಪು ಮಾಡದ ಕೋರಾ ಅರಿವೆಯ ಥಾನುಗಳು ಸೂರಿನವರೆಗೆ ಏರಿದ್ದವು. ಕಾಶೀಬಾಯಿ ಬೆನ್ನು ಹಚ್ಚಲು ಗೋಡೆ ಹುಡುಕಿದಳು. ಅಂಗಡಿಯ ಮುಂದೆ ಗೋಡೆ ಇರುವುದಿಲ್ಲ. ಹನ್ನೆರಡು ಗಂಡಸರು ಅವಳ ಹಿಂದಿದ್ದರು.

"ಕಾರ್ಡ ತಂದೀರೇನ್ರಿ ಅಮ್ಮಾರ?"

"ಕಾರ್ಡು ಟಿಕೋಟಾದಾಗ ಅದ."

"ಹಂಗಾದ್ರ ನಿಮ್ಮ ಅರಿವೀನೂ ಟಿಕೋಟಾದಾಗಽ ಐತ್ರಿ." ಯಾರೋ ನಕ್ಕರು. ಶಿವಯೋಗೆಪ್ಪ ನಗಲಿಲ್ಲ. "ಮನಿ ನಂಬರಿಲ್ದ ಒಂದು ಮೊಳಾ ಕೊಟ್ರ ನನ್ನ ಕೈಗೆ ಬೇಡಿ ಹಾಕತಾರ. ಸರ್ಕಾರದ ಕಾಯದೆ."

"ಎರಡು ಮೊಳಾ ಸಾಕು. ಹರಕು ತುಂಡಿದ್ರೂ ನಡೀತದ."

"ಯಾತಕ್ಕರಿ?"

ಹಿಂದೆ ನಿಂತಿದ್ದ ಟಾಂಗಾದ ತುಕಾರಾಮ ಕೆಮ್ಮುವುದನ್ನು ನಿಲ್ಲಿಸಿದ. ಎಲ್ಲರೂ ಕಾಯುತ್ತಿದ್ದರು. ಉಪ್ಪಿನಕಾಯಿ ಗಡಿಗೆಯ ಬಾಯಿಗೆ ಎನ್ನಬಹುದು. ದೇವರ ಮಂಟಪಕ್ಕೆ ಎನ್ನಬಹುದು. ದೀಪದ ಬತ್ತಿಗೆ. ಇವು ಯಾವುವನ್ನು ಹೇಳಿದರೂ ಮತ್ತೆ ಕಾರ್ಡು ಕೇಳುತ್ತಾನೆ. ಇರುವ ಮಾತನ್ನು ಹೇಳಿದರೆ? ನಾಲಿಗೆಯ ಮೇಲೆ ಆ ಶಬ್ದ ಬಂದು ಕೂತಿತ್ತು, ದಿನಕ್ಕೆ ಅರವತ್ತು ಸಲ ಹೇಳುವ ಶಬ್ದ, ಹೆಂಗಸರ ಮುಖಕ್ಕೆ ಎಸೆಯುವ ಶಬ್ದ, ಗಂಡಸರ ಮುಂದೆ ಅದಕ್ಕೆ ಕಾಲೇ ಇಲ್ಲದಾಯಿತು. ಬಾಯಿಂದ ಬೇರೊಂದು ಮಾತು ಬಂತು.

"ಒಬ್ಬಾಕಿ ಸತ್ತಾಳ."

ಶಿವಯೋಗೆಪ್ಪ ಕೈಯಲ್ಲಿದ್ದ ಗಜಕೋಲು ಕೆಳಗಿಟ್ಟ. "ಶಿವಶಿವಾ. ಗಂಜೀ ಸಾಲಿನಾಗೇನ್ರಿ? ಯಾರ ಪೈಕಿ?"

"ಲಿಂಗವಂತರಾಕಿ. ನಿಡೋಣಿಯಾಕಿ."

"ಹೆಸರು?"

"ರೇಣುಕವ್ವ."

ಅವನು ಥಾನು ಇಳಿಸಿ, ಮೊಳ ಹಾಕದೆ, ಕೈಗೆ ಬಂದಷ್ಟು ಎಳೆದು ಹರಿದ. ಹತ್ತು ಮೊಳಕ್ಕೆ ಕಡಿಮೆಯಿರಲಿಲ್ಲ. ಮೇಲೆ ಒಂದು ಪೊಟ್ಟಣ ವಿಭೂತಿ ಇಟ್ಟ. "ಚೀಟಿ ಆಮ್ಯಾಲ ಮಾಮಲೇದಾರ ಕಚೇರಿಯಿಂದ ತರಿಸಿಕೊಂತೇನಿ. ಸತ್ತವರಿಗೆ ಕಾರ್ಡ ಕೇಳಿದ್ರ ಶಿವಾ ಮೆಚ್ಚಂಗಿಲ್ರಿ." ಅವನ ಕಣ್ಣು ಒದ್ದೆಯಾಗಿತ್ತು. ನಿಜವಾಗಿಯೂ ಆಗಿತ್ತು, ಅದೇ ಕಾಶೀಬಾಯಿಯನ್ನು ಸುಟ್ಟಿತು. ಹನ್ನೆರಡು ಗಂಡಸರು ಟೋಪಿ, ರುಮಾಲು ಮುಟ್ಟಿಕೊಂಡು ದಾರಿ ಬಿಟ್ಟರು. ಅವಳು ಅರಿವೆಯನ್ನು ಎದೆಗೊತ್ತಿ ನಡೆದಳು. ಹೊಸ ಕೋರಾ ಅರಿವೆಯ ಗಂಜಿಯ ವಾಸನೆ ಮೂಗಿಗೆ ಅಡರುತ್ತಿತ್ತು. ಅರಿವೆಗೆ ಹಾಕಲು ಗಂಜಿ ಇದೆ ಈ ಊರಿನಲ್ಲಿ. ಹೆಣಕ್ಕೆ ಸುತ್ತಲು ಅರಿವೆ ಇದೆ. ನಾನು ಒಬ್ಬಳನ್ನು ಸೋಮವಾರ ಸಾಲಿನಿಂದ ತೆಗೆದೆ, ಬುಧವಾರ ಜೀವದಿಂದ ತೆಗೆದೆ, ಎರಡಕ್ಕೂ ಮರ್ಯಾದೆಯೇ ಸಿಕ್ಕಿತು ನನಗೆ. ಹೆಜ್ಜೆ ಹಾಕಿದಂತೆಲ್ಲ ಮಡಚಿಟ್ಟ ಗೇಣು ತುಂಡು ಒದ್ದೆಯಾಗಿ ತೊಡೆಗೆ ಉಜ್ಜುತ್ತಿತ್ತು. ಯಾರಾದರೂ ಹಿಂದಿನಿಂದ ಕೂಗಿದರೆ ಏನು ಮಾಡುವುದೆಂದು ಯೋಚಿಸುತ್ತ, ಯಾರೂ ಕೂಗದೇ ಇದ್ದುದಕ್ಕೆ ಬೆವರುತ್ತ, ಕೋಟೆಯ ಗೋಡೆಯ ನೆರಳನ್ನೇ ಹಿಡಿದು ಬಂದಳು.

ಅರಿವೆ ಎಲ್ಲಿಯದೆಂದು ರೇಣುಕವ್ವ ಕೇಳಿದಳು. ಸುಳ್ಳು ಹೇಳಬಹುದಿತ್ತು. "ನೀ ಸತ್ತೀ ಅಂತ ಹೇಳಿ ತಂದೀನಿ," ಎಂದಳು ಕಾಶೀಬಾಯಿ.

ರೇಣುಕವ್ವ ಮೊದಲು ಹಣೆಯ ವಿಭೂತಿ ಮುಟ್ಟಿಕೊಂಡಳು, ಆಮೇಲೆ ಎದೆಯ ಮೇಲಿನ ಲಿಂಗ. ಆಮೇಲೆ ನಗತೊಡಗಿದಳು. ಮೂರು ದಿನ ಉಪವಾಸ ಇದ್ದ ಮೈ, ನಗು ತಡೆಯಲಾರದೆ ಪಕ್ಕೆ ಹಿಡಿದುಕೊಂಡಳು. "ಸತ್ನೇನ್ರಿ ಬಾಯಾರ ನಾ? ಛಲೋ ಆತು ಬಿಡ್ರಿ. ಮದಿವ್ಯಾಗೂ ಇಷ್ಟ ಉದ್ದ ಅರಿವಿ ತಂದಿರಲಿಲ್ಲ ನನಗ." ಹಲ್ಲಿನಿಂದ ಅಂಚು ಕಚ್ಚಿ ಎಳೆದಳು. ಚರ್ರೆಂದು ಅರಿವೆ ಹರಿಯಿತು. ಆ ಸದ್ದಿಗೆ ಕಮಾನುಗಳ ಸಂದಿಯಿಂದ ಮುಖಗಳು ಹೊರಬಂದವು. ಒಂದು, ಎರಡು, ಐದು. ಅವತ್ತು ಬೆಳಿಗ್ಗೆ "ಇಲ್ರಿ" ಎಂದವರು. ಒಬ್ಬಳ ಸೊಂಟದಲ್ಲಿ ಗೋಣಿಯ ತುಂಡು, ಒಬ್ಬಳು ಕಾಲಗಲಿಸಿ ನಡೆಯುತ್ತಿದ್ದಳು, ಒರಟು ಗೋಣಿ ತೊಡೆಯ ಚರ್ಮ ತಿಂದಿತ್ತು. ಕಾಶೀಬಾಯಿಯನ್ನು ಕಂಡು ಅವರೆಲ್ಲ ನಿಂತಲ್ಲೇ ನಿಂತರು. ಬೇಟೆಗಾರನನ್ನು ಕಂಡ ಹಾಗೆ. ತನ್ನನ್ನು ಯಾರಾದರೂ ಎಂದಾದರೂ ಹಾಗೆ ನೋಡಿಯಾರೆಂದು ಹಿತ್ತಲ ಕೋಣೆಯ ಹುಡುಗಿಗೆ ಗೊತ್ತಿರಲಿಲ್ಲ.

"ಬರ್ರೆಲೇ, ಬರ್ರಿ," ಎಂದಳು ರೇಣುಕವ್ವ. "ನಾ ಸತ್ತ ಪ್ರಸಾದ ಐತಿ, ತಗೊಂಡ ಹೋಗ್ರಿ." ತುಂಡು ತುಂಡಾಗಿ ಹರಿದು ಕೊಟ್ಟಳು. ಕೊಡುವಾಗ ಯಾರನ್ನೂ ಏನೂ ಕೇಳಲಿಲ್ಲ. ಐವರಿಗೂ ಕೊಟ್ಟು, ತನಗೆ ಎರಡಿಟ್ಟುಕೊಂಡು, ಇನ್ನೊಂದನ್ನು ನೀಟಾಗಿ ಮಡಚಿ ಕಾಶೀಬಾಯಿಯ ಕಡೆಗೆ ಚಾಚಿದಳು.

"ನನಗ್ಯಾಕ?"

"ತಗೋರಿ ಬೇ," ಎಂದಳು ಮೆಲ್ಲಗೆ, ಉಳಿದವರಿಗೆ ಕೇಳದ ಹಾಗೆ. "ಸೀರಿ ಕೆಂಪಿದ್ರ ಕಾಣಂಗಿಲ್ಲ ಅಂತ ತಿಳೀಬ್ಯಾಡ್ರಿ. ಒದ್ದಿ ಕಾಣತೈತಿ."

ಪೇಟೆಯ ಉದ್ದಕ್ಕೂ. ಹನ್ನೆರಡು ಗಂಡಸರು. ಟೋಪಿ ಮುಟ್ಟಿಕೊಂಡ ಕೈಗಳು. ಕಾಶೀಬಾಯಿಗೆ ಕಿವಿ ಗುಂಯ್ಯೆಂದಿತು. ಈ ಹೆಂಗಸು ಯಾವಾಗ ನೋಡಿದಳು, ಗಂಜಿಯ ಲೋಟ ತಂದಾಗಲೇ ನೋಡಿದ್ದಳೇ, ನೋಡಿಯೂ ಕೇಳಲಿಲ್ಲವೇ, ನನ್ನನ್ನು ಹೊರಗೆ ಹಾಕಿ ಒಳಗೆ ನಿಂತಿದ್ದೀಯಲ್ಲ ನೀನು ಎಂದು ಒಂದು ಮಾತು? ಬೈದಿದ್ದರೆ ಸುಲಭವಿತ್ತು. ಅವಳು ತುಂಡನ್ನು ತೆಗೆದುಕೊಂಡಳು. ಅದು ತಣ್ಣಗಿತ್ತು, ಒರಟಾಗಿತ್ತು, ಒಣಗಿತ್ತು.

ಗುರುವಾರ ಬೆಳಿಗ್ಗೆ ಪ್ರಲ್ಹಾದರಾಯರು ಗಂಜಿ ಇಳಿಸುವ ಮೊದಲೇ ಬಂದರು. ವಹಿ ತೆರೆದು ಸೀಸದ ಕಡ್ಡಿ ನಾಲಿಗೆಗೆ ಒತ್ತಿಕೊಂಡರು. "ಶಿವಯೋಗೆಪ್ಪನವರು ಹೇಳಿ ಕಳಿಸ್ಯಾರ. ಸತ್ತಾಕಿ ಹೆಸರು ಹೊಡೀಬೇಕು. ನಿಡೋಣಿ ರೇಣುಕವ್ವ. ನನಗ ಯಾಕ ತಿಳಿಸಲಿಲ್ಲ ವೈನೀ? ಹೆಣಾ ಎಲ್ಲಿ ಹೂಳಿದ್ರಿ?"

ಸಾಲಿನಲ್ಲಿ ನಾಲ್ಕನೆಯವಳಾಗಿ ರೇಣುಕವ್ವ ನಿಂತಿದ್ದಳು. ನಾಲ್ಕನೆಯ ದಿನ, ಅವಳಿಗೆ ಬರುವ ಹಕ್ಕಿತ್ತು. ಸಕ್ರವ್ವ ಸುಮ್ಮನಿರುವ ಜೀವವಲ್ಲ. "ಹೂಳಿಲ್ರಿ ಯಪ್ಪಾ. ಸತ್ತಾಕಿಗೆ ಹಸಿವಿ ಆಗೇತಿ, ಪಾಳೇಕ ನಿಂತಾಳ ನೋಡ್ರಿ." ಸಾಲು ನಕ್ಕಿತು. ಕಾಲಗಲಿಸಿ ನಡೆಯುತ್ತಿದ್ದವಳೂ ನಕ್ಕಳು.

ರಾಯರು ನಗು ಮುಗಿಯುವವರೆಗೆ ಕಾದರು. ಶಾಲೆಯಲ್ಲಿಯೂ ಹಾಗೆಯೇ ಕಾಯುತ್ತಿದ್ದಿರಬೇಕು. ಆಮೇಲೆ ಕಾಶೀಬಾಯಿಯನ್ನು ಗೋಡೆಯ ಹತ್ತಿರಕ್ಕೆ ಕರೆದು, ಹತ್ತು ಮೊಳ ಅರಿವೆ ಎಲ್ಲಿಗೆ ಹೋಯಿತೆಂದು ಕೇಳಿದರು. ಅವಳು ಗಿಡ್ಡ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಅವರು ಸಾಲನ್ನು ನೋಡಿದರು, ಅವಳನ್ನು ನೋಡಿದರು, ಅವರಿಗೆ ತಿಳಿಯಿತು. ತಿಳಿದದ್ದು ಮೀನಿನ ವಾಸನೆಯ ಹಾಗೆ ಅವರ ಮುಖದ ಮೇಲೆ ಹಾದುಹೋಯಿತು. "ಛಲೋ ಆತು," ಎಂದರು. "ಇಷ್ಟು ದಿನಾ ನಾವು ಬರೇ ಬಾಯಿಮಾತಿನ ಮ್ಯಾಲೆ ಇದ್ವಿ. ಈಗ ಗುರ್ತು ಹಚ್ಚಲಿಕ್ಕೆ ಬರತದ. ಒಬ್ಬೊಬ್ಬರನ್ನ ಆ ಗ್ವಾಡಿ ಹಿಂದ ಕರಕೊಂಡು ಹೋಗಿ ನೋಡ್ರಿ. ಯಾರ ಮೈಮ್ಯಾಲೆ ಆ ಕೋರಾ ಅರಿವಿ ಅದ, ಅವರು ಹೊರಗ. ಶಿವಯೋಗೆಪ್ಪನವರಿಗೆ ನಾ ಏನೂ ಹೇಳೂದಿಲ್ಲ. ನಿಮ್ಮ ಮೂಲಿ ನಿಮಗ ಇರತದ."

ಅವರು ಕರುಣೆಯಿಂದಲೇ ಹೇಳಿದರು. ಆ ಮೂಲೆ, ಅಗಳಿ, ಎರಡು ಹೊತ್ತಿನ ಊಟ, ಎಲ್ಲವನ್ನೂ ಒಂದೇ ಮಾತಿನಲ್ಲಿ ಅವಳ ಕೈಗೆ ಮರಳಿ ಇಟ್ಟರು. ಅವಳು ಗಳಿಸಿದ ಅರಿವೆ ಈಗ ಐವರನ್ನು ಹಿಡಿದುಕೊಡುತ್ತದೆ, ಆರನೆಯವಳಾದ ತನ್ನನ್ನು ಬಿಟ್ಟುಬಿಡುತ್ತದೆ, ಯಾಕೆಂದರೆ ಆರನೆಯವಳನ್ನು ನೋಡುವವರು ಯಾರೂ ಇಲ್ಲ. ಎಷ್ಟು ಸರಿಯಾಗಿ ಹೊಂದುತ್ತದೆ. ಕಣ್ಣು 'ಹೂಂ' ಎನ್ನಲು ಆಗಲೇ ಕೆಳಗಿಳಿದಿತ್ತು, ಮೂವತ್ತು ವರ್ಷದಿಂದ ಇಳಿಯುವ ಕಣ್ಣು. ಅವರ ಜೋಡಿನ ತುದಿ ಕಂಡಿತು. ಯಾರೋ ಚೆನ್ನಾಗಿ ಎಣ್ಣೆ ಹಾಕಿ ಉಜ್ಜಿದ್ದರು.

"ನೋಡೂದಿಲ್ಲ," ಎಂದಳು.

"ಏನು?"

"ನಾ ನೋಡೂದಿಲ್ಲ."

"ಸರಿ, ನೋಡಬ್ಯಾಡ್ರಿ. ದಿನದ ಹಾಂಗ ಕೇಳ್ರಿ."

"ಕೇಳೂದೂ ಇಲ್ಲ. ನೀವಽ ಕೇಳ್ರಿ."

ಅಡಿಗೆಯವನು ಸೌಟನ್ನು ಹಂಡೆಯಲ್ಲಿ ಬಿಟ್ಟು ನೋಡುತ್ತಿದ್ದ. ಪ್ರಲ್ಹಾದರಾಯರು ವಹಿ ಮಡಚಿ, ಮೂವತ್ತು ವರ್ಷ ಹುಡುಗರ ಮುಂದೆ ನಿಂತ ಠೀವಿಯಲ್ಲಿ ಸಾಲಿನ ಮೊದಲಿನವಳ ಎದುರಿಗೆ ಹೋಗಿ ನಿಂತರು. ಮೊದಲಿನವಳು ಸಕ್ರವ್ವ. ರಾಯರು ಗಂಟಲು ಸರಿಪಡಿಸಿಕೊಂಡರು. ಬಾಯಿ ತೆರೆದರು.

"ಕೇಳ್ರಿ ಯಪ್ಪಾ," ಎಂದಳು ಸಕ್ರವ್ವ. "ಏನ ಕೇಳವರಿದ್ರಿ?"

ಅವರು ಬಾಯಿ ಮುಚ್ಚಿದರು. ಕಿವಿಯ ಅಂಚಿನವರೆಗೆ ಕೆಂಪೇರಿ, ಮುಂದಿನವಳನ್ನು ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಅದರ ಮುಂದಿನವಳೂ ತಗ್ಗಿಸಲಿಲ್ಲ. ಅರವತ್ತು ಹೆಂಗಸರು ಆ ಒಂದು ಮಾತಿಗೆ ಕಾಯುತ್ತ ನಿಂತಿದ್ದರು, ಬಂದರೆ ಉತ್ತರ ಕೊಡಲು ಸಿದ್ಧರಾದವರಂತೆ. ಗಂಜಿ ಕುದಿಯುವ ಸದ್ದು ಕೇಳುತ್ತಿತ್ತು. ರಾಯರು ತಿರುಗಿದರು. ಮೊದಲ ಸಲ ಅವರ ದನಿ ಏರಿತು.

"ವೈನೀ, ನಿಮ್ಮ ಗಂಟು ತಗೋರಿ. ಈಗಿಂದೀಗ ಹೊರಗ ನಡೀರಿ."

ಕಾಶೀಬಾಯಿ ಗೋಡೆ ಬಿಟ್ಟು ಬಂದಳು. ಹಿಂದೆ ಯಾರು ಏನು ನೋಡುತ್ತಾರೆಂದು ತಿರುಗಿ ನೋಡದೆ ಅಂಗಳ ದಾಟಿ, ಸಾಲಿನ ಕೊನೆಯಲ್ಲಿ, ಕಾಲಗಲಿಸಿ ನಿಂತವಳ ಹಿಂದೆ ಹೋಗಿ ನಿಂತಳು.

"ನಡಿಯೂದಿಲ್ಲ," ಎಂದಳು.